ಎಸ್‌ಎಂಪಿಎಸ್ ಬದಲಿಸಿದರೆ ಕೇಬಲ್ಲೂ ಬದಲಾಗಲಿ

ಬ್ರೌಸರ್ ನೋಡುತ್ತಾ ಕೂತರೆ ಏನೂ ತೊಂದರೆಯಿಲ್ಲ, ಗೇಮ್ ಶುರುವಾದ ಕೂಡಲೇ ಕಂಪ್ಯೂಟರ್ ತಟಕ್ಕನೆ ರೀಸ್ಟಾರ್ಟ್ ಆಗುತ್ತದೆ. ವೈರಸ್ ಇರಬೇಕೆಂದು ಜನ ವಿಂಡೋಸ್ ಮತ್ತೆ ಹಾಕಿಸುತ್ತಾರೆ. ಎಷ್ಟೋ ಸಲ ತಪ್ಪು ಕ್ಯಾಬಿನೆಟ್ಟಿನ ಮೂಲೆಯಲ್ಲಿ ಧೂಳು ಹಿಡಿದು ಕೂತ, ಕಂಪ್ಯೂಟರಿನ ಭಾಗಗಳಿಗೆಲ್ಲ ಕರೆಂಟ್ ಹಂಚುವ ಎಸ್‌ಎಂಪಿಎಸ್‌ನದು.

ಈ ಡಬ್ಬ 230 ವೋಲ್ಟಿನ ಎಸಿಯನ್ನು ಮೊದಲು 300 ವೋಲ್ಟಿಗೂ ಮೇಲಿನ ಡಿಸಿಯಾಗಿ ಮಾಡಿ, ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್-ಆಫ್ ಮಾಡುತ್ತದೆ. ಅಷ್ಟು ವೇಗವಿರುವುದರಿಂದಲೇ ಅಂಗೈಯಲ್ಲಿ ಹಿಡಿಸುವ ಟ್ರಾನ್ಸ್‌ಫಾರ್ಮರ್ ಸಾಕಾಗುತ್ತದೆ. ಕೊನೆಗೆ ಸಿಗುವುದು 12, 5, 3.3 ವೋಲ್ಟ್. 12ರ ಲೈನ್ 11.4ಕ್ಕಿಂತ ಇಳಿಯಬಾರದು, 12.6 ದಾಟಬಾರದು. ಈ ಏರಿಳಿತವನ್ನು ತಡೆದು ನಿಲ್ಲಿಸುವ ಕೆಪಾಸಿಟರುಗಳೊಳಗಿನ ದ್ರವ ವರ್ಷಗಟ್ಟಲೆ ಬಿಸಿಗೆ ಒಣಗುತ್ತಾ ಹೋಗುತ್ತದೆ. ಬಿಸಿ 10 ಡಿಗ್ರಿ ಹೆಚ್ಚಿದರೆ ಅವುಗಳ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಕೆಲವು ತಲೆ ಉಬ್ಬಿಸಿಕೊಂಡು ಗುಟ್ಟು ಬಿಟ್ಟುಕೊಡುತ್ತವೆ, ಕೆಲವು ನೋಡಲು ಸರಿಯಾಗೇ ಇರುತ್ತವೆ. ಗ್ರಾಫಿಕ್ಸ್ ಕಾರ್ಡ್ ಒಮ್ಮೆಲೇ ಹೆಚ್ಚು ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ, ಮದರ್‌ಬೋರ್ಡ್ ರೀಸೆಟ್ ಆಗುತ್ತದೆ.

24 ಪಿನ್ನಿನ ಕನೆಕ್ಟರಿನಲ್ಲಿ ಹಸಿರು ವೈರನ್ನು ಕಪ್ಪು ವೈರಿಗೆ ಸೇರಿಸಿ ಫ್ಯಾನ್ ತಿರುಗಿಸಿ ತೋರಿಸುವುದು ಅಂಗಡಿಗಳಲ್ಲಿ ರೂಢಿ. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಹೊರೆಯಿಲ್ಲದೆ ಫ್ಯಾನ್ ತಿರುಗಿದರೆ ಗೊತ್ತಾಗುವುದು ಎಸ್‌ಎಂಪಿಎಸ್ ಪೂರ್ತಿ ಸತ್ತಿಲ್ಲ ಎಂಬುದಷ್ಟೇ. ಹಾಗಂತ ಡಬ್ಬ ಬಿಚ್ಚಿ ರಿಪೇರಿಗೆ ಕೂರಬೇಡಿ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್ ಜೀವಕ್ಕೆ ಎರವಾಗುವಷ್ಟು ಚಾರ್ಜ್ ಹಿಡಿದಿಟ್ಟುಕೊಂಡಿರಬಹುದು.

ಬದಲಿಸುವುದು ಸುಲಭ. ಇಂಟೆಲ್ 1995ರಲ್ಲಿ ತಂದ ಎಟಿಎಕ್ಸ್ ಎಂಬ ಮಾನದಂಡದ ಅಳತೆ ಇನ್ನೂ ಚಾಲ್ತಿಯಲ್ಲಿದೆ, ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿದರೆ ಮುಗಿಯಿತು. ಪ್ರೊಸೆಸರಿನ 8 ಪಿನ್ ಮತ್ತು ಗ್ರಾಫಿಕ್ಸ್ ಕಾರ್ಡಿನ 8 ಪಿನ್ ನೋಡಲು ಅಣ್ಣತಮ್ಮಂದಿರಂತಿದ್ದರೂ ಪಾಸಿಟಿವ್, ಗ್ರೌಂಡ್ ಅದಲುಬದಲು. ಬಲವಂತವಾಗಿ ತುರುಕಬೇಡಿ.

ಜನ ನಿಜವಾಗಿ ಎಡವುವುದು ಮಾಡ್ಯುಲರ್ ಕೇಬಲ್ಲಿನಲ್ಲಿ, ಅಂದರೆ ಡಬ್ಬದಿಂದಲೂ ಕಿತ್ತು ತೆಗೆಯಬಹುದಾದ ಕೇಬಲ್ಲಿನಲ್ಲಿ. ಹಳೆಯ ಕೇಬಲ್ ಕ್ಯಾಬಿನೆಟ್ಟಿನ ಹಿಂದೆ ಚೆನ್ನಾಗಿ ಕೂತಿದೆ, ಹೊಸ ಡಬ್ಬಕ್ಕೂ ಸರಿಯಾಗಿ ಹಿಡಿಸುತ್ತದೆ, ಮತ್ತೆ ಎಳೆಯುವುದೇಕೆ ಎಂಬ ಸೋಮಾರಿತನ. ಹಾರ್ಡ್ ಡಿಸ್ಕಿನ ಕಡೆಯ ಪಿನ್ನುಗಳಿಗೆ ಮಾನದಂಡವಿದೆ, ಎಸ್‌ಎಂಪಿಎಸ್ ಕಡೆಯವಕ್ಕೆ ಇಲ್ಲ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಜೋಡಣೆ ಬೇರೆಯಿರಬಹುದು. 5 ವೋಲ್ಟ್ ಹೋಗಬೇಕಾದಲ್ಲಿ 12 ಹೋದರೆ ಸ್ವಿಚ್ ಒತ್ತಿದ ಕ್ಷಣಕ್ಕೇ ಡಿಸ್ಕ್ ಸುಡುತ್ತದೆ, ಜತೆಗೆ ಅದರೊಳಗಿನ ಫೋಟೋಗಳೂ ಕೈತಪ್ಪುತ್ತವೆ. ಆದ್ದರಿಂದ ಹಳೆಯ ಕೇಬಲ್‌ಗಳನ್ನೆಲ್ಲ ಕಿತ್ತು, ಒಂದೇ ಗಂಟು ಕಟ್ಟಿ, ಹಳೆಯ ಡಬ್ಬದ ಜತೆಗೇ ಇ-ತ್ಯಾಜ್ಯಕ್ಕೆ ಕೊಟ್ಟುಬಿಡಿ.