ಹೆಸರು ಬೆಂಗಳೂರು, ಕಚೇರಿ ಕೋಲಾರ, ಜಮೀನು ಶಿಡ್ಲಘಟ್ಟ

ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಎಲ್ಲಿಳಿಯಬೇಕು ಎಂದು ಹೊರಗಿನವರು ಕೇಳಿದರೆ ಕೋಲಾರದವರು ಮೊದಲು ನಗುತ್ತಾರೆ, ಆಮೇಲೆ ದಾರಿ ಹೇಳುತ್ತಾರೆ. ಆಡಳಿತ ಕಚೇರಿ ಕೋಲಾರದ ಟಮಕದಲ್ಲಿ, ಹಳೆಯ ಸ್ನಾತಕೋತ್ತರ ಕೇಂದ್ರ ಮಂಗಸಂದ್ರದಲ್ಲಿ. ಹೊಸ ಕ್ಯಾಂಪಸ್ಸಿಗೆಂದು ಗೊತ್ತುಮಾಡಿದ ಜಾಗ ಮಾತ್ರ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ, ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಬಳಿಯ ಅಮರಾವತಿಯಲ್ಲಿ.

1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು, 1964ರಲ್ಲಿ ಬೆಂಗಳೂರು ಬೇರೆಯಾಯಿತು, 2004ರಲ್ಲಿ ತುಮಕೂರು ತನ್ನ ಪಾಲು ಪಡೆದು ಹೊರಟಿತು. ಕೋಲಾರ ಮಾತ್ರ ಬೆಂಗಳೂರಿನ ಒಕ್ಕಲಾಗಿಯೇ ಉಳಿಯಿತು. ಬಾಗೇಪಲ್ಲಿಯ ಹುಡುಗನ ಅಂಕಪಟ್ಟಿಯಲ್ಲಿ ಇನಿಷಿಯಲ್ ತಪ್ಪಾಗಿದ್ದರೆ ನೂರು ಕಿಲೋಮೀಟರ್ ಬಸ್ಸಿನಲ್ಲಿ ಬಂದು, ಮೆಜೆಸ್ಟಿಕ್‌ನಲ್ಲಿ ಇಳಿದು, ಮತ್ತೊಂದು ಬಸ್ಸು ಹಿಡಿದು ಬೆಂಗಳೂರು ವಿಶ್ವವಿದ್ಯಾಲಯದ ಕ್ಯಾಂಪಸ್ಸಾದ ಜ್ಞಾನಭಾರತಿ ಸೇರಬೇಕಿತ್ತು. ಒಂದಕ್ಷರಕ್ಕೆ ಒಂದು ದಿನದ ಕೂಲಿ.

ಆ ಕಾಲದಲ್ಲಿ ಈ ಸೀಮೆಗೆ ವಿಶ್ವವಿದ್ಯಾಲಯವೆಂದರೆ ಮಂಗಸಂದ್ರವೇ. ಅದರ ಬಗ್ಗೆ ಬರೆಯುವಾಗ ನನ್ನ ಕೈ ತುಸು ಸಡಿಲವಾಗುತ್ತದೆ, ಓದುಗರು ಸಹಿಸಿಕೊಳ್ಳಬೇಕು. ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಕೆಜಿಎಫ್‌ನಿಂದ ಬಂದವರದು ತಮಿಳು. ಬೆಂಚಿನ ಮೇಲೆ ಕುಳಿತು ಅವರು ಚರ್ಚಿಸುತ್ತಿದ್ದದ್ದು ಪಂಪನ ಕನ್ನಡವನ್ನು. ಮನೆತನದಲ್ಲೇ ಮೊದಲ ಬಾರಿಗೆ ಪದವಿ ಮೆಟ್ಟಿಲು ಹತ್ತಿದವರು ಅವರಲ್ಲಿ ಹಲವರು. ಅವರೆಕಾಯಿ ಸುಗ್ಗಿ ಬಂದರೆ ಯಾರಾದರೊಬ್ಬರ ಡಬ್ಬಿಯಲ್ಲಿ ಹಿತಕಿದ ಬೇಳೆ ಸಾರು ಇರುತ್ತಿತ್ತು. ಮುಚ್ಚಳ ತೆಗೆದ ಮೇಲೆ ಅದು ತಂದವರದಾಗಿ ಉಳಿಯುತ್ತಿರಲಿಲ್ಲ. ಹುಣ್ಣಿಮೆ ಬಂದರೆ ಕೆಲವರು ತೇರಹಳ್ಳಿ ಬೆಟ್ಟ ಹತ್ತಿ ಅಲ್ಲಿನ ಸಾಂಸ್ಕೃತಿಕ ಕೇಂದ್ರ ಆದಿಮದ 'ಹುಣ್ಣಿಮೆ ಹಾಡು' ಕೇಳುತ್ತಿದ್ದರು. ಪಠ್ಯದಲ್ಲಿ ಜಾನಪದ ಓದಿದವರಿಗೆ ಅಲ್ಲಿ ತಮಟೆಯ ಸದ್ದಿನಲ್ಲಿ ಅದು ಮತ್ತೆ ಸಿಗುತ್ತಿತ್ತು.

ಆರುನೂರಕ್ಕೂ ಹೆಚ್ಚು ಕಾಲೇಜುಗಳ ಭಾರದಿಂದ ಬೆಂಗಳೂರು ವಿಶ್ವವಿದ್ಯಾಲಯ ಬಳಲಿದಾಗ ಅದನ್ನು ಮೂರು ಮಾಡುವ ತೀರ್ಮಾನವಾಯಿತು. 2017ರಲ್ಲಿ ಅದು ಜಾರಿಗೂ ಬಂತು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಜೊತೆಗೆ ಹೊಸಕೋಟೆ, ದೇವನಹಳ್ಳಿ, ಕೆ.ಆರ್.ಪುರ, ಮಹದೇವಪುರದ ಕಡೆಯ ಕಾಲೇಜುಗಳೂ ಉತ್ತರದ ಪಾಲಿಗೆ ಬಂದವು. ಇದರ ಲೆಕ್ಕ ಸರಳ. ರಾಜ್ಯ ವಿಶ್ವವಿದ್ಯಾಲಯಗಳ ದಿನದ ಖರ್ಚು ನಡೆಯುವುದು ಬಹುಮಟ್ಟಿಗೆ ಕಾಲೇಜುಗಳು ಕಟ್ಟುವ ಸಂಯೋಜನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕದಿಂದ. ಎರಡು ಬಯಲು ಜಿಲ್ಲೆಗಳ ಸರ್ಕಾರಿ ಕಾಲೇಜುಗಳಿಂದ ಎಷ್ಟು ತಾನೇ ಹುಟ್ಟೀತು? ನಗರದಂಚಿನ ಖಾಸಗಿ ಕಾಲೇಜುಗಳು ಬಂದದ್ದರಿಂದ ಗಂಟಲಿಗೆ ಗಂಜಿ ಇಳಿಯಿತು, ಅವುಗಳ ಜೊತೆಗೆ ಬೆಂಗಳೂರೆಂಬ ಹೆಸರೂ ಬಂತು. ಉದ್ಯೋಗಕ್ಕೆ ಅರ್ಜಿ ಹಾಕುವಾಗ ಆ ಹೆಸರಿಗೆ ತೂಕವಿದೆ ಎನ್ನುವ ವಿದ್ಯಾರ್ಥಿಗಳೂ ಇದ್ದಾರೆ. ಅವರ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ.

ಅಮರಾವತಿಯ ಗಂಟಿಗೆ ಇನ್ನೊಂದು ಎಳೆ ಇದೆ. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗದಿದ್ದರೆ ಶಿಡ್ಲಘಟ್ಟವೂ ಕೋಲಾರವೇ ಆಗಿರುತ್ತಿತ್ತು, ಜಮೀನು ಎಲ್ಲಿದೆ ಎಂಬ ಪ್ರಶ್ನೆಗೆ ಇಷ್ಟು ಕಾವು ಇರುತ್ತಿರಲಿಲ್ಲ. ಕೈಗೆ ಬಂದದ್ದು ಜಾರುತ್ತಿದೆ ಎಂದು ಕೋಲಾರದವರಿಗೆ ಕಸಿವಿಸಿ. ನಮಗೂ ಒಂದು ಬೇಡವೇ ಎಂದು ಚಿಕ್ಕಬಳ್ಳಾಪುರದವರ ವಾದ. ಎರಡೂ ನ್ಯಾಯವೇ.

ಈ ನಡುವೆ ಪದವಿ ವಿದ್ಯಾರ್ಥಿಗಳ ತಲೆಯ ಮೇಲೆ ಬೇರೆಯೇ ಮಳೆ ಸುರಿಯಿತು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಪ್ರವೇಶ, ಪರೀಕ್ಷೆ, ಫಲಿತಾಂಶವೆಲ್ಲ ಒಂದೇ ತಂತ್ರಾಂಶಕ್ಕೆ ಹೋದವು. ಜ್ಞಾನಭಾರತಿಯ ಪ್ರಯಾಣ ತಪ್ಪಿತು, ಸೈಬರ್ ಅಂಗಡಿಯ ಸಾಲು ಶುರುವಾಯಿತು.

ಇಷ್ಟರ ನಡುವೆಯೂ ಹೊಲದ ಕೆಲಸ ಮುಗಿಸಿ ತರಗತಿಗೆ ಬರುವ ಹುಡುಗಿಯರು ಘಟಿಕೋತ್ಸವದಲ್ಲಿ ಚಿನ್ನದ ಪದಕಕ್ಕೆ ಕೊರಳೊಡ್ಡುತ್ತಾರೆ, ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಮೂರು ಭಾಷೆಯವರು ಒಂದೇ ಡಬ್ಬಿಗೆ ಕೈ ಹಾಕುವಂಥ ಜಾಗ ಬೆಳೆಯಬೇಕಾದರೆ ಹಾಸ್ಟೆಲ್ ಬೇಕು, ಮೈದಾನ ಬೇಕು, ಕತ್ತಲಾದ ಮೇಲೂ ದೀಪ ಉರಿಯುವ ಗ್ರಂಥಾಲಯ ಬೇಕು. ಅದು ಟಮಕದಲ್ಲಾದರೂ ಸರಿ, ಅಮರಾವತಿಯಲ್ಲಾದರೂ ಸರಿ. ಈಗಂತೂ ನಾಲ್ಕು ಗಂಟೆ ಹೊಡೆದರೆ ಎಲ್ಲರ ಕಣ್ಣೂ ಶ್ರೀನಿವಾಸಪುರದ ಬಸ್ಸಿನ ಮೇಲೆ.