ಗೋಲಗುಮ್ಮಟದ ಪಿಸುಮಾತು, ಗಾಳಿಯಲ್ಲಿ ನಿಲ್ಲದ ಬೆಳಕು

ವಿಜಯಪುರದ ಗೋಲಗುಮ್ಮಟವನ್ನು ಹತ್ತಿ, ಗುಮ್ಮಟದ ಬುಡದ ಮೊಗಸಾಲೆಯಲ್ಲಿ ಗೋಡೆಗೆ ಕಿವಿಗೊಟ್ಟು ಕುಳಿತವರಿಗೆ, ಸುಮಾರು 38 ಮೀಟರ್ ಆಚೆ ಎದುರು ಬದಿಯಲ್ಲಿ ಯಾರೋ ಮೆಲ್ಲನೆ ಆಡಿದ ಮಾತು ತಮ್ಮ ಪಕ್ಕದ ಕಲ್ಲಿನಿಂದಲೇ ಹೊರಟಂತೆ ಕೇಳಿಸುತ್ತದೆ. ಮಾತಾಡಿದವರು ಅಲ್ಲಿಲ್ಲ, ಆದರೆ ಅಲ್ಲಿದ್ದಿದ್ದರೆ ಎಂಥ ಅಲೆ ಕಿವಿಯನ್ನು ಮುಟ್ಟುತ್ತಿತ್ತೋ ಹೆಚ್ಚುಕಡಿಮೆ ಅಂಥದೇ ಅಲೆಯನ್ನು ಗೋಡೆಯ ಬಾಗು ತಂದೊಪ್ಪಿಸುತ್ತದೆ, ಕಿವಿ ನಂಬುತ್ತದೆ. 1656ರಲ್ಲಿ ಕೆಲಸ ಮುಗಿದ ಈ ಗೋರಿ ಕಿವಿಗೆ ಹೂಡುವ ಮೋಸವನ್ನು ಕಣ್ಣಿಗೆ ಹೂಡುವುದು ಹೊಲೊಗ್ರಾಮ್.

1977ರ ‘ಸ್ಟಾರ್ ವಾರ್ಸ್’ ಚಿತ್ರದಲ್ಲಿ ಗಿಡ್ಡ ರೋಬೋಟೊಂದು ರಾಜಕುಮಾರಿಯೊಬ್ಬಳ ಪುಟ್ಟ ನೀಲಿಛಾಯೆಯ ಬಿಂಬವನ್ನು ಗಾಳಿಯಲ್ಲಿ ಮೂಡಿಸಿ ಆಕೆಯ ಮೊರೆಯನ್ನು ಕೇಳಿಸುತ್ತದೆ. ಆಮೇಲಿನ ಎಷ್ಟೋ ವೈಜ್ಞಾನಿಕ ಕಥೆಗಳಲ್ಲಿ ದೂರದವರೊಡನೆ ಮಾತಾಡುವುದೆಂದರೆ ಇದೇ ರೀತಿ: ಪರದೆಯಿಲ್ಲ, ಕನ್ನಡಕವಿಲ್ಲ, ಬಿಂಬದ ಸುತ್ತ ಒಂದು ಪ್ರದಕ್ಷಿಣೆ ಬೇಕಾದರೂ ಹಾಕಬಹುದು. ಇದನ್ನು ಎಲ್ಲರೂ ಹೊಲೊಗ್ರಾಮ್ ಎಂದೇ ಕರೆಯುತ್ತಾರೆ. ನನ್ನ ತಕರಾರು ಆ ಹೆಸರಿನ ಬಗ್ಗೆ.

ನಿಜವಾದ ಹೊಲೊಗ್ರಾಮಿನ ಕಲ್ಪನೆ 1947ರಲ್ಲಿ, ಇಂಗ್ಲೆಂಡಿನಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಉತ್ತಮಗೊಳಿಸಲು ಹೆಣಗುತ್ತಿದ್ದ ಹಂಗೇರಿ ಮೂಲದ ಡೆನಿಸ್ ಗಬೋರ್ ಅವರಿಗೆ ಹೊಳೆದದ್ದು. ಸಾಮಾನ್ಯ ಛಾಯಾಚಿತ್ರವು ಬೆಳಕು ಎಷ್ಟು ಪ್ರಖರವಾಗಿತ್ತೆಂಬುದನ್ನು ಮಾತ್ರ ಬರೆದಿಟ್ಟುಕೊಳ್ಳುತ್ತದೆ; ಅಲೆ ಆ ಗಳಿಗೆಯಲ್ಲಿ ಏರಿನಲ್ಲಿತ್ತೋ ಇಳಿತದಲ್ಲಿತ್ತೋ ಎಂಬುದು ಅಳಿದುಹೋಗುತ್ತದೆ, ಅದರೊಂದಿಗೆ ಆಳವೂ ಹೋಗುತ್ತದೆ. ಬೇಗಂ ತಲಾಬಿನ ನಿಂತ ನೀರಿಗೆ ಎರಡು ಕಲ್ಲು ಎಸೆದರೆ ಎರಡು ಉಂಗುರಗಳು ಹಾಯ್ದುಹೋಗುವಲ್ಲಿ ಒಂದು ಜಾಲರಿ ಕಾಣಿಸಿಕೊಳ್ಳುತ್ತದಷ್ಟೆ. ಹಾಗೆಯೇ ವಸ್ತುವಿನಿಂದ ಚದುರಿ ಬಂದ ಅಲೆಯನ್ನು ಅದೇ ಮೂಲದ ಇನ್ನೊಂದು ಶುದ್ಧ ಅಲೆಯೊಡನೆ ಬೆರೆಸಿ, ಅವು ಹೆಣೆದ ಜಾಲರಿಯನ್ನು ಫಲಕದ ಮೇಲೆ ಅಚ್ಚೊತ್ತಿಕೊಂಡರೆ, ಮುಂದೆ ಆ ಫಲಕಕ್ಕೆ ಶುದ್ಧ ಅಲೆಯನ್ನು ಮತ್ತೆ ಹಾಯಿಸಿದಾಗ ವಸ್ತುವಿನ ಅಲೆ ಮರುಜೀವ ಪಡೆಯುತ್ತದೆ. ಹೆಜ್ಜೆ ತಪ್ಪದೆ ಸಾಗುವ ಬೆಳಕು ಆಗ ಇರಲಿಲ್ಲ. 1960ರಲ್ಲಿ ಲೇಸರ್ ಬಂತು, 1964ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಎಮೆಟ್ ಲೀತ್ ಮತ್ತು ಯೂರಿಸ್ ಉಪಾಟ್ನಿಕ್ಸ್ ಒಂದು ಆಟಿಕೆ ರೈಲನ್ನು ಹೀಗೆ ಸೆರೆಹಿಡಿದು ತೋರಿಸಿದರು, 1971ರಲ್ಲಿ ಗಬೋರ್ ಅವರಿಗೆ ನೊಬೆಲ್ ಸಂದಿತು.

ಒಂದು ನಿಶ್ಚಲ ರೈಲಿನಿಂದ ಓಡುವ ಚಿತ್ರಕ್ಕೆ ಹೋಗಲು ಅಡ್ಡ ನಿಂತಿರುವುದು ಲೆಕ್ಕ. ಮಾತಿನ ಧ್ವನಿಯ ಅಲೆಗಳು ಗೇಣು, ಮೊಳಗಳಲ್ಲಿ ಅಳೆಯುವಂಥವು; 1000 ಹರ್ಟ್ಸಿನ ನಾದದ ತರಂಗಾಂತರ ಸುಮಾರು 34 ಸೆಂಟಿಮೀಟರ್. ಆದುದರಿಂದಲೇ ಗಾರೆ ಸವರಿದ ಗೋಡೆಯೊಂದು ಅದನ್ನು ಕೆಡಿಸದೆ ಸಾಗಿಸಬಲ್ಲದು. ಕಣ್ಣಿಗೆ ಕಾಣುವ ಬೆಳಕಿನದು ಒಂದು ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಪಾಲಿನ ಆಸುಪಾಸು. ಅಷ್ಟು ನಯವಾದ ಜಾಲರಿಗೆ ಮಿಲಿಮೀಟರಿಗೆ 1000 ಚುಕ್ಕೆ ಸಾಕೆಂದುಕೊಂಡರೂ, ಅಂಗೈಯಗಲದ, ಅಂದರೆ 10 ಸೆಂಟಿಮೀಟರ್ ಚೌಕದ ಫಲಕಕ್ಕೆ 1000 ಕೋಟಿ ಚುಕ್ಕೆಗಳು ಬೇಕು. 4ಕೆ ಟಿವಿಯಲ್ಲಿರುವುದು ಸುಮಾರು 83 ಲಕ್ಷ. ಸುಮಾರು 1200 ಟಿವಿಗಳ ಚುಕ್ಕೆಗಳನ್ನು ಒಂದು ಅಂಗೈಯಲ್ಲಿ ಒತ್ತಿ ಕೂರಿಸಿ, ಅವೆಲ್ಲವನ್ನೂ ಸೆಕೆಂಡಿಗೆ ಮೂವತ್ತು ಸಲ ಬದಲಿಸಬೇಕು. 1990ರ ಹೊತ್ತಿಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಸ್ಟೀಫನ್ ಬೆಂಟನ್ ಅವರ ತಂಡ ಚಲಿಸುವ ಹೊಲೊಗ್ರಾಮನ್ನು ಸಾಧಿಸಿತಾದರೂ, ಮೇಲೆ ಕೆಳಗೆ ತಲೆಯಾಡಿಸಿದಾಗ ಕಾಣುವ ನೋಟವನ್ನು ಕೈಬಿಟ್ಟು ಮಾಹಿತಿಯ ಹೊರೆಯನ್ನು ಇಳಿಸಿಕೊಂಡ ಮೇಲೂ ಬಿಂಬ ಹಿಡಿಯೊಳಗೆ ಅಡಗುವಷ್ಟೇ ಇತ್ತು.

ಕಂಪ್ಯೂಟರ್ ಚಿಪ್‌ಗಳು ಬಲಿತಂತೆ ಈ ಲೆಕ್ಕ ಒಂದು ದಿನ ಬಗೆಹರಿಯಬಹುದು. ಬಗೆಹರಿದರೂ ರೋಬೋಟಿನ ಬಿಂಬ ಮಾತ್ರ ಬಾರದು. ಹೊಲೊಗ್ರಾಮಿನ ಬಿಂಬ ಫಲಕದ ಮುಂದೆ ತೇಲಿದರೂ, ನಮ್ಮ ಕಣ್ಣಿನಿಂದ ಬಿಂಬದ ಮೂಲಕ ಎಳೆದ ಗೆರೆ ಕೊನೆಗೆ ಫಲಕವನ್ನೇ ಮುಟ್ಟಬೇಕು. ಅದು ಒಂದು ಕಿಟಕಿ, ಕಿಟಕಿಯಾಚೆ ಸರಿದು ನಿಂತವರಿಗೆ ಏನೂ ಇಲ್ಲ. ಬೆಳಕು ಗಾಳಿಯ ನಡುವೆ ತಾನಾಗಿ ನಿಲ್ಲುವುದಿಲ್ಲ, ಹೊರಳುವುದೂ ಇಲ್ಲ.

ವೇದಿಕೆಗಳ ಮೇಲೆ ನಾವು ಕಂಡ ‘ಹೊಲೊಗ್ರಾಮ್’ಗಳು, 2014ರ ಚುನಾವಣೆಯಲ್ಲಿ ಏಕಕಾಲಕ್ಕೆ ಹಲವು ಊರುಗಳಲ್ಲಿ ನಡೆದ ನರೇಂದ್ರ ಮೋದಿಯವರ ಭಾಷಣಗಳೂ ಸೇರಿದಂತೆ, 1862ರಲ್ಲಿ ಲಂಡನ್ನಿನಲ್ಲಿ ಜಾನ್ ಹೆನ್ರಿ ಪೆಪ್ಪರ್ ಪ್ರದರ್ಶಿಸಿದ ಗಾಜಿನ ಪ್ರತಿಬಿಂಬದ ಚಮತ್ಕಾರದ ಮೊಮ್ಮಕ್ಕಳು. ರಾತ್ರಿಯ ಬಸ್ಸಿನಲ್ಲಿ ಬಾಗಲಕೋಟೆಗೆ ಹೊರಟವರು ಕೊಲ್ಹಾರದ ಸೇತುವೆಯ ಮೇಲೆ ಕಿಟಕಿಯತ್ತ ನೋಡಿದರೆ ಅವರ ಮುಖವೇ ಕೃಷ್ಣೆಯ ಮೇಲೆ ತೇಲುತ್ತಿರುತ್ತದೆ. ಅದಕ್ಕಿಂತ ಹೆಚ್ಚಿನದೇನೂ ಅಲ್ಲಿಲ್ಲ.

ಕಥೆಯ ಬಿಂಬಕ್ಕೆ ಹತ್ತಿರದ ನಂಟ ಸಿಕ್ಕಿದ್ದು ಧೂಳಿನಲ್ಲಿ. ಗುಮ್ಮಟದೊಳಗೆ ಬಾಗಿಲಿನಿಂದ ಬೀಳುವ ಬಿಸಿಲು ಕೋಲಿನಂತೆ ಕಾಣುವುದು ಅಲ್ಲಿ ಧೂಳಿರುವುದರಿಂದ; ಒಂದೊಂದು ಕಣವೂ ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. 2018ರಲ್ಲಿ ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಡೇನಿಯಲ್ ಸ್ಮಾಲಿ ಮತ್ತು ಸಂಗಡಿಗರು ಸೆಲ್ಯುಲೋಸಿನ ಒಂದೇ ಒಂದು ಕಣವನ್ನು ಲೇಸರಿನ ಬಿಸಿಯಿಂದ ಹಿಡಿದು, ಬೇಕಾದಲ್ಲಿಗೆ ಓಡಿಸಿ, ಓಡುವ ದಾರಿಯಲ್ಲೇ ಕೆಂಪು, ಹಸಿರು, ನೀಲಿ ಬೆಳಕು ಬಳಿದರು. ದೀಪಾವಳಿಯಲ್ಲಿ ಸುರಸುರಬತ್ತಿಯನ್ನು ಗಿರಗಿರನೆ ತಿರುಗಿಸಿದಾಗ ಬೆಳಕಿನ ಬಳೆ ಕಾಣುವಂತೆ, ಬರಿಗಾಳಿಯಲ್ಲಿ ಪುಟ್ಟ ಚಿತ್ರಗಳು ಮೂಡಿದವು. ಅವುಗಳನ್ನು ಸುತ್ತಲಿಂದಲೂ ನೋಡಬಹುದು. ಇದು ಹೊಲೊಗ್ರಾಮ್ ಅಲ್ಲ, ಕಣದ ಚಿತ್ರ.

ಇಂಥ ಚಿತ್ರದಲ್ಲಿ ಮುಂದಿನ ಚುಕ್ಕೆ ಹಿಂದಿನ ಚುಕ್ಕೆಯನ್ನು ಮರೆಮಾಡುವುದಿಲ್ಲವಾದ್ದರಿಂದ ಮೂಗಿನ ಮೂಲಕ ಬೆನ್ನು ಕಾಣಿಸುತ್ತದೆ. ತೆಳ್ಳಗೆ, ಹಿಂದಿನದೆಲ್ಲ ತೋರುವಂತಿದ್ದ ರಾಜಕುಮಾರಿಯ ಬಿಂಬ ಅಷ್ಟರಮಟ್ಟಿಗೆ ಸರಿಯಾಗಿಯೇ ಇತ್ತೆನ್ನಬೇಕು. ಆಳೆತ್ತರದ ಬಿಂಬಕ್ಕೆ ಬಹುಸಂಖ್ಯೆಯ ಕಣಗಳನ್ನು ಒಟ್ಟಿಗೆ ಪಳಗಿಸಬೇಕಾಗುತ್ತದೆ, ಮತ್ತು ನಮ್ಮ ಕಡೆಯ ಬೇಸಿಗೆಯ ಬಿರುಗಾಳಿ ಒಮ್ಮೆ ಬೀಸಿತೆಂದರೆ ಮಾತಿನ ನಡುವೆಯೇ ಬಿಂಬ ಪಕ್ಕದ ಓಣಿಗೆ ಹಾರಿಹೋಗುತ್ತದೆ.