ಪಾಸ್‌ಬುಕ್ ಕಿತ್ತುಕೊಳ್ಳುವ ಮುನ್ನ

ಗಂಗಾವತಿ, ಕಾರಟಗಿ ಕಡೆಯಿಂದ ಹಿರಿಯರನ್ನು ನನ್ನಲ್ಲಿಗೆ ಕರೆತರುವ ಮಕ್ಕಳಲ್ಲಿ ಹಲವರು ಕೇಳುವುದು ಚಿಕಿತ್ಸೆಯನ್ನಲ್ಲ, ‘ಅಪ್ಪನಿಗೆ ಅರಳುಮರಳು’ ಎಂಬ ಚೀಟಿಯನ್ನು. ಪಾಸ್‌ಬುಕ್, ಎಟಿಎಂ ಕಾರ್ಡು, ಹೊಲದ ಪಹಣಿ ಅಷ್ಟರಲ್ಲಿ ಮಗನ ಚೀಲ ಸೇರಿರುತ್ತವೆ. ಈ ಆತುರವನ್ನು ನನ್ನಿಂದ ಸಹಿಸಲಾಗುವುದಿಲ್ಲ.

ಇಳಿವಯಸ್ಸಿನ ಖಿನ್ನತೆಯೂ ಲೆಕ್ಕ ತಪ್ಪಿಸುತ್ತದೆ ಎಂಬುದನ್ನು ಎಷ್ಟು ಸಲ ಹೇಳಿದರೂ ಸಾಲದು. ಗಮನ ನಿಲ್ಲುವುದಿಲ್ಲ, ಯೋಚನೆ ನಿಧಾನವಾಗುತ್ತದೆ, ಏನನ್ನೂ ನಿರ್ಧರಿಸಲು ಮನಸ್ಸು ಬಾರದು. ಹಾಗಾಗಿ ಸಾಲದ ಕಂತು ಉಳಿಯುತ್ತದೆ, ಕರೆಂಟ್ ಬಿಲ್ಲು ಕಟ್ಟದೆ ಹೋಗುತ್ತದೆ. ನೋಡುವವರಿಗೆ ಇದು ಮರೆಗುಳಿ ಕಾಯಿಲೆಯಂತೆಯೇ ಕಾಣುತ್ತದೆ. ಆದರೆ ಖಿನ್ನತೆಗೆ ಚಿಕಿತ್ಸೆ ಸಿಕ್ಕರೆ ಕಳೆದುಹೋಯಿತೆಂದುಕೊಂಡ ಸಾಮರ್ಥ್ಯದ ಬಹುಪಾಲು ಮರಳಬಹುದು. ಥೈರಾಯ್ಡ್ ಮತ್ತು ಬಿ12 ಕೊರತೆಯನ್ನೂ ಮೊದಲೇ ಪರೀಕ್ಷಿಸಬೇಕು.

ದಲಾಲಿ ಅಂಗಡಿಯಲ್ಲಿ ಬಹುಕಾಲ ಲೆಕ್ಕ ಬರೆದ ಹಿರಿಯರೊಬ್ಬರು ಹೆಂಡತಿ ತೀರಿಕೊಂಡ ಮೇಲೆ ಭತ್ತದ ಹಣವನ್ನು ಟ್ರಂಕಿನಲ್ಲಿಟ್ಟು, ಬ್ಯಾಂಕಿಗೆ ಹೋಗುವುದನ್ನೇ ಬಿಟ್ಟಿದ್ದರು. ಮೇಜಿನ ಮೇಲೆ ನೋಟು, ಚಿಲ್ಲರೆ ಹರಡಿ 87 ರೂಪಾಯಿ ಎಣಿಸಿಕೊಡಿ ಎಂದಾಗ ಕೈಯನ್ನೂ ಚಾಚದೆ, ‘ನನ್ನಿಂದ ಆಗೂದಿಲ್ರಿ ಸರ’ ಎಂದರು. ಮಗನನ್ನು ಹೊರಗೆ ಕೂರಿಸಿ ಸುಮ್ಮನೆ ಕಾದೆ. ಐವತ್ತು, ಇಪ್ಪತ್ತು, ಹತ್ತು, ಆಮೇಲೆ ಐದರ ಮತ್ತು ಎರಡರ ನಾಣ್ಯವನ್ನು ಒಂದೊಂದಾಗಿ ನನ್ನತ್ತ ಸರಿಸಿದರು, ಲೆಕ್ಕ ಸರಿಯಾಗಿತ್ತು. ‘ಆಗುವುದಿಲ್ಲ’ ಎನ್ನುವವರಲ್ಲಿ ಖಿನ್ನತೆಯನ್ನೂ, ತಪ್ಪಾಗಿ ಎಣಿಸಿ ಸರಿಯೆಂದೇ ವಾದಿಸುವವರಲ್ಲಿ ಮರೆಗುಳಿಯನ್ನೂ ನಾನು ಮೊದಲು ಶಂಕಿಸುತ್ತೇನೆ. ಇದು ಸುಳಿವಷ್ಟೇ, ನಿರ್ಣಯವಲ್ಲ.

ಕೆಲವರಲ್ಲಿ ಎರಡೂ ಒಟ್ಟಿಗಿರುತ್ತವೆ. ಮುಪ್ಪಿನಲ್ಲಿ ಮೊದಲ ಬಾರಿ ಬಂದ ಖಿನ್ನತೆ ಮರೆಗುಳಿಯ ಮುನ್ಸೂಚನೆಯೂ ಆಗಿರಬಹುದು. ಆದ್ದರಿಂದ ಗುಳಿಗೆ ಶುರುವಾಗಿ ಎರಡು ಮೂರು ತಿಂಗಳಾದ ಮೇಲೆ, ಮನಸ್ಸು ಚೇತರಿಸಿಕೊಂಡಾಗ, ಲೆಕ್ಕವನ್ನು ಮತ್ತೆ ಪರೀಕ್ಷಿಸಲೇಬೇಕು. ಆದರೆ ಊಟ, ನಿದ್ದೆ ಸರಿಹೋದೊಡನೆ ಮನೆಯವರು ಬರುವುದನ್ನೇ ನಿಲ್ಲಿಸುತ್ತಾರೆ.

ಆ ಮರುಪರೀಕ್ಷೆ ಆಗುವವರೆಗೆ ಸಂತೆಯ ಖರ್ಚು, ಮೊಮ್ಮಕ್ಕಳಿಗೆ ಕೊಡುವ ಹಣ ಅವರ ಕೈಯಲ್ಲೇ ಇರಲಿ. ಹೊಲ ಮಾರಾಟ, ದಾನಪತ್ರ, ಇನ್ನೊಬ್ಬರ ಸಾಲಕ್ಕೆ ಜಾಮೀನು ಮುಂದಕ್ಕೆ ಹೋಗಲಿ. ಮಾನಸಿಕ ಕಾಯಿಲೆ ಇದೆಯೆಂದ ಮಾತ್ರಕ್ಕೆ ಯಾರನ್ನೂ ಅಸ್ವಸ್ಥಚಿತ್ತರೆಂದು ಪರಿಗಣಿಸುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಹಾಗೆ ಘೋಷಿಸಬೇಕಾದದ್ದು ನ್ಯಾಯಾಲಯ. ಜಿಪಿಎ (ಹಿರಿಯರ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಬರೆಸಿಕೊಂಡರೆ ಸಾಕು ಎನ್ನುವವರೂ ತಿಳಿದಿರಲಿ: ಬರೆದುಕೊಟ್ಟವರು ಸ್ವಸ್ಥಚಿತ್ತ ಕಳೆದುಕೊಂಡರೆ, 1872ರ ಕರಾರು ಕಾಯ್ದೆಯ 201ನೇ ಕಲಮಿನಂತೆ, ಆ ಅಧಿಕಾರ ಸಾಮಾನ್ಯವಾಗಿ ಅಲ್ಲಿಗೇ ಕೊನೆಗೊಳ್ಳುತ್ತದೆ. ನಿಮ್ಮ ಕಾಗದಪತ್ರಗಳ ಸ್ಥಿತಿಯನ್ನು ವಕೀಲರಲ್ಲಿ ವಿಚಾರಿಸಿ, ಆ ಮಾತುಕತೆಗೆ ಹಿರಿಯರನ್ನೂ ಕರೆದೊಯ್ಯಿರಿ.